ದೊರೆ ಯಾರ ಪೈಕಿ

ನಮ್ಮ ಕಡೆ ಹೆಸರಿಗೆ ಮುಂದೆ ಕೊಂಬಿರುತ್ತದೆಯೇ ಹೊರತು ಹಿಂದೆ ಬಾಲವಿರುವುದಿಲ್ಲ. ಅಪ್ಪನ ಹೆಸರಿನ ಮೊದಲಕ್ಷರ, ಆಮೇಲೆ ನಮ್ಮ ಹೆಸರು, ಅಲ್ಲಿಗೆ ಮುಗಿಯಿತು. ತಮಿಳುನಾಡಿನ ಗಡಿಯ ಹೊಸೂರಿನ ಶಾಲೆಯಲ್ಲಿ ಕನ್ನಡ ಕಲಿಸುತ್ತ ವರ್ಷಗಟ್ಟಲೆ ಹಾಜರಿ ಕೂಗಿದ ನನಗೆ ಬಾಲವಿರುವ ಹೆಸರು ಸಿಕ್ಕಿದ್ದೇ ಅಪರೂಪ. ಹಾಗಾಗಿ ಊರಾಚೆಯ ಮತ್ತಿಗಿರಿಗೆ ಮನೆ ಬದಲಾಯಿಸಿ ಬಂದ ದಿನ, ಪಕ್ಕದ ಮನೆಯ ಗೇಟಿನ ಕಲ್ಲಿನಲ್ಲಿ ಇಂಗ್ಲಿಷಿನಲ್ಲಿ ಕೆತ್ತಿದ್ದ ಆ ಸರ್‌ನೇಮು ಕಂಡು, ಕೈಯಲ್ಲಿದ್ದ ಕುಕ್ಕರನ್ನು ಕೆಳಗಿಟ್ಟು ನಿಂತೇಬಿಟ್ಟೆ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಹೆಸರಿನ ಹಿಂದೆ ಹೋಗುತ್ತಾರೆ, ಮನುಷ್ಯನನ್ನು ಬಿಟ್ಟುಬಿಡುತ್ತಾರೆ. ಅವರ ಬದುಕಿನಲ್ಲಿ ಆದದ್ದೂ ಅದೇ. ಇಷ್ಟು ಹೇಳಿದರೆ ಸಾಕು: ಆ ಹೆಸರಿನ ಇಬ್ಬರು ದೊಡ್ಡ ಮನುಷ್ಯರು ಹಿಂದೆ ಆಗಿಹೋಗಿದ್ದಾರೆ. ಒಬ್ಬರು ಕಾಡುಮೇಡು ಅಲೆದು, ಹಕ್ಕಿ, ಹುಳು, ಹಾವು ಎಂದು ಕಂಡಕಂಡದ್ದನ್ನೆಲ್ಲ ಇಂಥ ಕುಟುಂಬಕ್ಕೆ ಸೇರಿದ್ದು ಎಂದು ವಿಂಗಡಿಸಿ ದಪ್ಪ ದಪ್ಪ ಪುಸ್ತಕ ಬರೆದವರು. ಇನ್ನೊಬ್ಬರು ಭಾಷೆಗಳ ಬೇರು ಕೆದಕಿದವರು. ಯಾವ ಭಾಷೆ ಯಾವುದಕ್ಕೆ ಅಕ್ಕ, ಯಾವುದು ತಂಗಿ ಎಂದು ಅವರು ಹೇಳಿದ್ದನ್ನು ಹಿಡಿದುಕೊಂಡು ಪಂಡಿತರು ಇವತ್ತಿಗೂ ಜಗಳವಾಡುತ್ತಾರೆ. ಒಂದೇ ಹೆಸರಾದರೂ ಆ ಇಬ್ಬರಿಗೆ ಒಬ್ಬರಿಗೊಬ್ಬರು ಏನೂ ಆಗಬೇಕಾಗಿರಲಿಲ್ಲ. ಎಂ.ಎ. ಓದುವಾಗ ಎರಡನೆಯವರು ನನ್ನ ತಲೆ ತಿಂದಿದ್ದರು. ಈಗ ಅವರ ಹೆಸರೇ ಪಕ್ಕದ ಮನೆಯ ಗೇಟಿನ ಮೇಲೆ!

ಮಾರನೆಯ ದಿನ ನೀರಿನ ಲಾರಿ ಯಾವಾಗ ಬರುತ್ತದೆಂದು ಕೇಳುವ ನೆಪ ಮಾಡಿಕೊಂಡು ಹೋದೆ. ವರಾಂಡದಲ್ಲಿ ಎರಡು ಬೆತ್ತದ ಕುರ್ಚಿ. ಒಂದರಲ್ಲಿ ಹ್ಯಾಟು ಹಾಕಿಕೊಂಡು, ಟೈ ಕಟ್ಟಿಕೊಂಡು, ಎಲ್ಲಿಗೋ ಹೊರಟವರಂತೆ ಅವರು ಕೂತಿದ್ದರು. ಎಲ್ಲಿಗೂ ಹೊರಟಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಮನೆಯಲ್ಲಿ ಕೂರುವುದೇ ಹಾಗೆ. ಬೀದಿಯವರೆಲ್ಲ ಅವರನ್ನು ‘ದೊರೆ’ ಎನ್ನುತ್ತಿದ್ದರು. ಎದುರಿಗೆ ಅಂದರೆ ಗೌರವ, ಹಿಂದೆ ಅಂದರೆ ತಮಾಷೆ. ಹೆಸರೂ ಹ್ಯಾಟೂ ದೊರೆಗಳದು, ಬಣ್ಣ ಮಾತ್ರ ನಮ್ಮದೇ, ನನಗಿಂತ ಒಂದು ಕೈ ಹೆಚ್ಚೇ.

“ಸಾರ್, ತಪ್ಪು ತಿಳ್ಕೋಬೇಡಿ. ಆ ಭಾಷಾವಿದ್ವಾಂಸರು ಇದ್ದರಲ್ಲ, ನೀವು ಅವರ ವಂಶದವರಾ?” ಎಂದು ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಟೀ ಕುಡೀತೀರಾ ಮೇಡಂ?”

“ಕುಡೀತೀನಿ.”

“ಹಂಗಾದ್ರೆ ಹೂಂ. ಕುಂತ್ಕಳಿ, ಹೇಳ್ತೀನಿ.”

ಆ ‘ಹಂಗಾದ್ರೆ’ಯನ್ನು ನಾನು ಅಲ್ಲೇ ಹಿಡಿಯಬೇಕಿತ್ತು. ಮಕ್ಕಳ ಸುಳ್ಳು ಹಿಡಿದೇ ಕೂದಲು ನೆರೆಸಿಕೊಂಡವಳು ನಾನು. ಆದರೆ ಭಕ್ತಿಯಲ್ಲಿ ಕಿವಿ ಮಂದವಾಗಿತ್ತು. ನನ್ನ ಕಣ್ಣು ಅವರ ಮುಂಗೈ ಮೇಲೆ ಹೋದದ್ದನ್ನು ನೋಡಿ, ಅವರೇ ಹೇಳಿದರು: “ಮೂರು ತಲೆ ಈ ಮತ್ತಿಗಿರಿ ಬಿಸ್ಲಲ್ಲಿ ನಿಂತ್ರೆ ಯಾವ್ ಬಣ್ಣ ಉಳೀತದೆ ಮೇಡಂ?” ನಾನು ಅದನ್ನೂ ನಂಬಿದೆ. ಎರಡು ತಿಂಗಳು, ವಾರಕ್ಕೊಮ್ಮೆಯಾದರೂ ಹೋಗಿ, ಶುಂಠಿ ಹಾಕಿದ ಟೀ ಕುಡಿದು, ಮಹಾವಿದ್ವಾಂಸರ ಮನೆಯ ಕಥೆ ಕೇಳಿ ಬಂದೆ. ವಿದ್ವಾಂಸರಿಗೆ ಹುಣಸೆಹಣ್ಣಿನ ಸಾರು ಪ್ರಾಣವಂತೆ. ಊಟಕ್ಕೆ ಕೂತಾಗ ಯಾರೂ ವ್ಯಾಕರಣ ಮಾತಾಡುವಂತಿರಲಿಲ್ಲವಂತೆ. ನಾನು ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದೂ ಉಂಟು.

ಬಣ್ಣ ಬಯಲಾದದ್ದು ಒಂದು ಭಾನುವಾರ. ನಾನು ಆ ಇನ್ನೊಂದು ಕುರ್ಚಿಯಲ್ಲಿ ಕೂತಿದ್ದೆ. ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡ ಒಬ್ಬರು ಬೆಂಗಳೂರಿನಿಂದ ಬಂದರು. ಅಂಚೆಟ್ಟಿ ಕಡೆಯ ಕಾಡಿಗೆ ಹಕ್ಕಿ ನೋಡಲು ಹೊರಟವರು ದಾರಿಯಲ್ಲಿ ಗೇಟಿನ ಹೆಸರು ಕಂಡು ಗಾಡಿ ನಿಲ್ಲಿಸಿದ್ದರು. ಆ ಮಹಾ ಪ್ರಕೃತಿಶಾಸ್ತ್ರಜ್ಞರಿಗೆ ನೀವೇನಾಗಬೇಕು ಎಂದು ನನ್ನಷ್ಟೇ ಭಕ್ತಿಯಿಂದ ಕೇಳಿದರು.

“ನಮ್ ತಾತನ ತಾತ ಸಾರ್,” ಎಂದರು ದೊರೆ. “ಟೀ ಕುಡೀತೀರಾ?”

ನನಗೆ ಟೀ ನೆತ್ತಿಗೇರಿತು. ಹಕ್ಕಿಯವರು ಅಂಗಳದ ಹೊಂಗೆಮರದಲ್ಲಿ ಕೂತಿದ್ದ ಯಾವುದೋ ಪುಟ್ಟ ಹಕ್ಕಿ ತೋರಿಸಿ, ಇದರ ಸ್ವಭಾವವೇನು ಎಂದು ಕೇಳಿದರು. ದೊರೆ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, “ಬೆಳಗ್ಗೆ ಹೋಗ್ತದೆ, ಸಂಜೆ ಬತ್ತದೆ. ಜನರಲ್ ಶಿಫ್ಟು” ಎಂದರು. ಹಕ್ಕಿಯವರು ಅದನ್ನು ಬರೆದುಕೊಂಡರು.

ಅವರು ಹೋದ ಮೇಲೆ ನಾನು ಹರಿಹಾಯ್ದೆ. ನನಗೊಬ್ಬ ತಾತ, ಅವರಿಗೊಬ್ಬ ತಾತ, ನಾಳೆ ಬರುವವರಿಗೆ ಇನ್ನೆಷ್ಟು ತಾತಂದಿರನ್ನು ಹಂಚುತ್ತೀರಿ ಎಂದೆಲ್ಲ ಕೂಗಾಡಿದೆ. ಅವರು ನಾಚಿಕೊಳ್ಳಲಿಲ್ಲ, ತಪ್ಪಾಯಿತು ಎನ್ನಲೂ ಇಲ್ಲ. ಹಕ್ಕಿಯವರ ಕಪ್ಪನ್ನು ಎತ್ತಿ ತಳ ನೋಡಿದರು, ಖಾಲಿಯಾಗಿತ್ತು. “ನೋಡಿ ಮೇಡಂ, ಪೂರ್ತಿ ಕುಡ್ದವ್ರೆ. ಇಲ್ಲ ಅಂದಿದ್ರೆ ಟೀ ಆರೋ ಮುಂಚೇನೇ ಎದ್ದೋಗಿರೋರು. ಎಷ್ಟ್ ಜನ ಹಂಗೆ ಎದ್ದೋಗಿದ್ದಾರೆ ಗೊತ್ತಾ? ಓ ನೀವಲ್ವಾ, ಸಾರಿ ಅಂತಾರೆ. ಹೋಗೇಬುಡ್ತಾರೆ.”

ಆ ಮಾತು ಕೇಳಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ಎರಡು ತಿಂಗಳು ನನ್ನ ಮುಂದೆ ಆ ಕಥೆಗಳನ್ನು ಕಟ್ಟಿದ್ದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿಕೊಳ್ಳುವುದಕ್ಕೆ. ಆಮೇಲೆ ನಾನು ಹೋಗುವುದನ್ನು ನಿಲ್ಲಿಸಲಿಲ್ಲ. ಇನ್ನು ಮೇಲೆ ನನಗೆ ತಾತಂದಿರು ಬೇಡ, ಟೀ ಸಾಕು ಎಂದು ಮಾತ್ರ ಹೇಳಿದೆ.

ಗಡಿಯಾರದ ಕಾರ್ಖಾನೆಯಲ್ಲಿ ಮುಳ್ಳು ಕೂರಿಸುವ ಕೆಲಸ ಮಾಡಿ ನಿವೃತ್ತರಾದವರು ಅವರು. ಮದುವೆಯಾಗಿರಲಿಲ್ಲ. ಒಬ್ಬಳೇ ತಂಗಿ, ಅವಳೂ ಆಗಲೇ ತೀರಿಕೊಂಡಿದ್ದಳು. ನಿವೃತ್ತಿಯಾಗಿ ಎಷ್ಟೋ ವರ್ಷಗಳಾದರೂ ಬೆಳಗಿನ ಶಿಫ್ಟಿನ ಬಸ್ಸು ಬರುವ ಹೊತ್ತಿಗೆ ಹ್ಯಾಟು ಹಾಕಿಕೊಂಡು ಮೂಲೆಯ ನಿಲ್ದಾಣಕ್ಕೆ ಹೋಗಿಬಿಡುತ್ತಿದ್ದರು. ಹಳೆಯವರು ಹೊಸಬರೆಲ್ಲರ ಜೊತೆ ನಿಂತು, ಓವರ್‌ಟೈಮು, ಕ್ಯಾಂಟೀನಿನ ಇಡ್ಲಿ, ಸೂಪರ್‌ವೈಸರನ ಬೈಗುಳ ಎಲ್ಲ ವಿಚಾರಿಸುತ್ತಿದ್ದರು. ಬಸ್ಸು ಬಂದಾಗ ಎಲ್ಲರೂ ಹತ್ತುತ್ತಿದ್ದರು. ಇವರು ಕೈ ಬೀಸಿ ಮನೆಗೆ ಬರುತ್ತಿದ್ದರು. ನಾನು ಬಾಗಿಲಿಗೆ ನೀರು ಹಾಕುತ್ತ ಅವರು ವಾಪಸು ಬರುವುದನ್ನು ನೋಡುತ್ತಿದ್ದೆ. ಹೋಗುವಾಗಿನ ನಡಿಗೆಯೇ ಬೇರೆ, ಬರುವಾಗಿನ ನಡಿಗೆಯೇ ಬೇರೆ.

ಜನ ಬೇಕು ಎಂದು ಅಷ್ಟು ಹಂಬಲಿಸುತ್ತಿದ್ದವರು ತಾವು ಮಾತ್ರ ಯಾರ ಮನೆಯೊಳಗೂ ಕಾಲಿಡುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಬೀದಿಯ ಪ್ರತಿ ಮನೆಗೂ ಕೇಕು ತರುತ್ತಿದ್ದರು, ಗೇಟಿನಲ್ಲೇ ಕೊಟ್ಟು ಹೋಗುತ್ತಿದ್ದರು. ಒಳಗೆ ಬನ್ನಿ ಎಂದು ನಮ್ಮ ಮನೆಯವರು ಎಷ್ಟು ಕರೆದರೂ “ಇನ್ನೊಂದ್ ಸತಿ ಬತ್ತೀನಿ” ಎನ್ನುತ್ತಿದ್ದರು. ಅದ್ಯಾಕೆ ಹಾಗೆ ಎಂದು ಒಮ್ಮೆ ಬಿಡದೆ ಕೇಳಿದ್ದಕ್ಕೆ, “ಬೇರೇರ್ ಮನೇಲಿ ಯಾವಾಗ ಏಳ್ಬೇಕು ಅಂತ ನಂಗೆ ಗೊತ್ತಾಗಲ್ಲ ಮೇಡಂ” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಹೆಸರಿನ ನಿಜ ಕಥೆ ಹೊರಬಿದ್ದದ್ದು ಕರೆಂಟು ಹೋಗಿದ್ದ ಒಂದು ಸಂಜೆ. ಮತ್ತಿಗಿರಿಯಲ್ಲಿ ಬಿಳಿಯರ ಕಾಲಕ್ಕೆ ಕುದುರೆಗಳ ದೊಡ್ಡ ಲಾಯ ಇತ್ತೆಂಬುದು ಇಲ್ಲಿಯವರಿಗೆಲ್ಲ ಗೊತ್ತು. ಇವರ ತಾತ ನಾಟ್ರಾಂಪಾಳ್ಯದ ಕಡೆಯ ಬೆಟ್ಟದಿಂದ ಇಳಿದು ಬಂದು ಆ ಲಾಯದಲ್ಲಿ ಕುದುರೆಗೆ ಹುಲ್ಲು ಹಾಕಲು ಸೇರಿದವನು. ಹೆಸರು ಮಾದ. ಆ ಬೆಟ್ಟದ ಕಡೆ ಗಂಡುಮಕ್ಕಳಿಗೆ ದೇವರ ಹೆಸರೆಂದು ಇಡುವುದೇ ಅದು. ಹಾಗಾಗಿ ಲಾಯದಲ್ಲಿ ಆಗಲೇ ಬೇಕಾದಷ್ಟು ಮಾದರಿದ್ದರು. ಒಬ್ಬನನ್ನು ಕೂಗಿದರೆ ಎಲ್ಲರೂ ಓಡಿಬರುತ್ತಿದ್ದರಂತೆ. ಅಲ್ಲಿದ್ದ ಸಾಹೇಬನಿಗೆ ರೇಗಿಹೋಗಿ, ಒಬ್ಬೊಬ್ಬನಿಗೂ ಒಂದೊಂದು ಸರ್‌ನೇಮು ಹಚ್ಚಿಬಿಡೋಣವೆಂದು ಕೂತ. ತನಗೆ ಗೊತ್ತಿದ್ದ ಹೆಸರುಗಳೆಲ್ಲ ಮುಗಿದುಹೋದವು. ಈ ಮಾದನ ಸರದಿ ಬಂದಾಗ ಮೇಜಿನ ಮೇಲಿದ್ದ ಒಂದು ಪುಸ್ತಕವನ್ನು ನೋಡಿ, ಅದರ ಬೆನ್ನಿನ ಮೇಲಿದ್ದ ಹೆಸರನ್ನೇ ಕೊಟ್ಟು ಕಳಿಸಿದ.

“ಆ ಪುಸ್ತಕ ಹಕ್ಕೀದಾ, ಭಾಷೇದಾ ಅಂತ ತಾತ ನೋಡ್ಲಿಲ್ಲ. ಓದಕ್ಕೆಲ್ಲಿ ಬತ್ತಿತ್ತು?” ಎಂದು ದೊರೆ ನಕ್ಕರು. “ಆಮೇಲೆ ತಾತ ಚರ್ಚಿಗೆ ಸೇರ್ಬುಟ್ಟ. ಬೆಟ್ಟದ ಮೇಲ್ಗಡೆಯೋರು ಬರೋದು ನಿಲ್ಸುದ್ರು, ಇವ್ನೂ ಹೋಗೋದು ನಿಲ್ಸ್ದ. ನಮ್ಮಪ್ಪನ್ಗೆ ಈ ಹೆಸ್ರು ಒಂದೇ ಗೊತ್ತಿದ್ದಿದ್ದು. ಅದಕ್ಕೇ ಮೇಡಂ, ನಾನು ಯಾರ್ಗೂ ಪೂರ್ತಿ ಸುಳ್ ಹೇಳಿಲ್ಲ. ಇಬ್ರಲ್ಲಿ ಯಾರೋ ಒಬ್ರಿಂದ ಬಂದಿದ್ದು ತಾನೆ ಈ ಹೆಸ್ರು?”

ನಾನು ಈ ಕಥೆ ಕೇಳಿ ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿ ಬಿದ್ದು ಬಿದ್ದು ನಕ್ಕೆ. ಒಲೆ ಹಚ್ಚಿ ಅನ್ನಕ್ಕಿಟ್ಟ ಮೇಲೆ ಯಾಕೋ ಸಂಕಟವಾಯಿತು. ನಮ್ಮವರಲ್ಲಿ ಹೊಸಬರು ಕಂಡರೆ ಮೊದಲು ಕೇಳುವುದು ‘ಯಾರ ಪೈಕಿ?’ ಎಂದು. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂಡ. ಇಂಥವರ ಪೈಕಿ ಎಂದರೆ ಅವರು ಇನ್ನೊಬ್ಬರ ಹೆಸರು ಹೇಳುತ್ತಾರೆ, ಎಲ್ಲೋ ಒಂದು ಕಡೆ ಎಳೆ ಸಿಕ್ಕೇ ಸಿಗುತ್ತದೆ. ನನಗೆ ಈ ಪ್ರಶ್ನೆ ಕೇಳಿಕೇಳಿ ತಲೆ ಚಿಟ್ಟುಹಿಡಿದಿದೆ. ಆದರೆ ಒಬ್ಬ ಮನುಷ್ಯನಿಗೆ ಆ ಪ್ರಶ್ನೆಗೆ ಉತ್ತರವೇ ಇಲ್ಲದಿರಬಹುದೆಂದು ಆವರೆಗೆ ಯೋಚಿಸಿರಲಿಲ್ಲ.

ಎರಡು ವರ್ಷದ ಹಿಂದೆ ಅವರಿಗೆ ಎದೆನೋವು ಬಂತು. ಡಾಕ್ಟರು ಪರೀಕ್ಷೆಗಳನ್ನೆಲ್ಲ ನೋಡಿ, ನಾಳೆ ಸೊಂದಕ್ಕಾರರನ್ನು ಯಾರನ್ನಾದರೂ ಕರೆದುಕೊಂಡು ಬನ್ನಿ, ಅವರ ಹತ್ತಿರ ಮಾತಾಡಬೇಕು ಎಂದರು. ತಮಿಳಿನಲ್ಲಿ ನೆಂಟರೆಂದು ಅರ್ಥ. ನೆಂಟಳಾಗಿ ನಾನು ಹೋದೆ. ಹೃದಯ ಬಹಳ ದಿನ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರಿಗೆ ಹೇಗೆ ಹೇಳುವುದೆಂದು ಆಟೋದಲ್ಲಿ ಒದ್ದಾಡುತ್ತಿದ್ದೆ. ಅವರೇ ಶುರುಮಾಡಿದರು.

“ಮೇಡಂ, ನಾಟ್ರಾಂಪಾಳ್ಯಕ್ಕೆ ಒಂದ್ ಸತಿ ಬತ್ತೀರಾ ನನ್ ಜೊತೆ?”

“ಯಾಕೆ ಸಾರ್?”

“ಮಣ್ ಹಾಕಕ್ಕೆ ನಮ್ಮೋರು ಅಂತ ಒಬ್ರಾದ್ರೂ ಬೇಕಲ್ವಾ ಮೇಡಂ? ನಮ್ ತಂಗಿ ಸತ್ತಾಗ ಫಾದರ್ ಕೇಳುದ್ರು, ನೆಂಟ್ರು ಮೊದ್ಲು ಬನ್ನಿ ಅಂತ. ಅವ್ಳಿಗೆ ನಾನಿದ್ದೆ.” ಅಷ್ಟು ಹೇಳಿ ಆಟೋದ ಹೊರಗೆ ನೋಡತೊಡಗಿದರು.

ಮುಂದಿನ ಶನಿವಾರವೇ ಹೊರಟೆವು. ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡು ಗುರುತೇ ಸಿಗಲಿಲ್ಲ. ಹ್ಯಾಟಿಲ್ಲ, ಟೈ ಇಲ್ಲ. ಬಿಳಿ ಪಂಚೆ, ಅರ್ಧ ತೋಳಿನ ಅಂಗಿ. ಅವರ ತಲೆ ಪೂರ್ತಿ ಬೋಳೆಂದು ನನಗೆ ಅವತ್ತೇ ಗೊತ್ತಾದದ್ದು. ಡೆಂಕಣಿಕೋಟೆ ದಾಟಿ, ಅಂಚೆಟ್ಟಿ ದಾಟಿ, ಬಸ್ಸು ಕಾಡಿನ ನಡುವೆ ಏರುತ್ತ ಇಳಿಯುತ್ತ ಹೋಗುವಾಗ ಅವರು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಸ್ಕೂಲಿಗೆ ಮೊದಲ ದಿನ ಬರುವ ಮಕ್ಕಳು ಹೀಗೆಯೇ ಕೂತಿರುತ್ತಾರೆ.

ಊರಿನ ಮೊದಲ ಸಾಲಿನಲ್ಲೇ ಒಂದು ಮನೆಯ ಮುಂದೆ ನಾಲ್ಕೈದು ಹೆಂಗಸರು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನಡುವೆ ಒಬ್ಬ ಮುದುಕಿ, ಹಲ್ಲಿಲ್ಲದಿದ್ದರೂ ಎಲ್ಲರಿಗಿಂತ ಜೋರು ಬಾಯಿ. ನಾವು ಹತ್ತಿರ ಹೋಗಿ ನಿಂತದ್ದೇ ತಡ, ನನ್ನನ್ನು ಬಿಟ್ಟು ಅವರನ್ನೇ ಕೇಳಿದಳು: “ಯಾರ ಪೈಕಿ ಕಣಪ್ಪಾ ನೀನು?”

ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಹೊಸೂರಿನಲ್ಲಿ ಅವರನ್ನು ಈ ಮಾತಿನಲ್ಲಿ ಯಾರೂ ಕೇಳಿರಲಿಲ್ಲ. ಹ್ಯಾಟು ಹಾಕಿದವರನ್ನು ಯಾರು ಕೇಳುತ್ತಾರೆ?

“ಮಾದನ ಪೈಕಿ ಕಣವ್ವ. ನಮ್ ತಾತ ಮಾದ, ಇಲ್ಲೀನೋನೆ.”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. “ಯಾವ್ ಮಾದ? ಇಲ್ಲಿ ಕಲ್ಲೆಸುದ್ರೆ ಮಾದನ್ ಮೇಲೇ ಬೀಳೋದು!” ಎಂದಳು ಒಬ್ಬಳು. ಕರಿಮಾದನೋ, ಮೊಂಡಮಾದನೋ, ತೊರೆ ಪಕ್ಕದ ಮಾದನೋ ಎಂದು ಇನ್ನೊಬ್ಬಳು ಕೇಳಿದಳು. ಮನೆದೇವರು ಯಾವುದು, ಹೊಲ ಎಲ್ಲಿತ್ತು ಎಂದು ಕೇಳಿದರು. ದೊರೆ ಎಲ್ಲದಕ್ಕೂ “ಕುದ್ರೆ ಲಾಯಕ್ಕೆ ಹೋದೋನು” ಎಂದಷ್ಟೇ ಹೇಳಿದರು.

ಮುದುಕಿಯ ಕೈ ನಿಂತಿತು. “ತಡಿ ತಡಿ. ನಮ್ ತಾತನ್ ತಮ್ಮ ಒಬ್ಬ ಬಿಳೇರ್ ಕುದ್ರೆ ನೋಡ್ಕಳಕ್ಕೆ ಅಂತ ಹೋದೋನು ಬರ್ಲೇ ಇಲ್ವಂತೆ ಕಣಪ್ಪಾ. ನಮ್ಮಜ್ಜಿ ಸಾಯೋಗಂಟ ಬತ್ತಾನೆ ಅಂತ ಕಾಯ್ತಿತ್ತು. ಅವನ್ಗೂ ಮಾದ ಅಂತ್ಲೇ ಹೆಸ್ರು. ಅವನ್ ಪೈಕಿಯಾ ನೀನು?”

ಅನ್ನಿ ಸಾರ್, ಹೂಂ ಅನ್ನಿ ಎಂದು ಮನಸ್ಸಿನಲ್ಲೇ ಕೂಗಿದೆ. ಹಕ್ಕಿಯವರಿಗೆ ಹೂಂ ಅಂದವರು, ನನಗೆ ಹೂಂ ಅಂದವರು, ಕೇಳಿದವರಿಗೆಲ್ಲ ಹೂಂ ಅಂದವರು. ಮುದುಕಿ ಮೂಲೆಯಲ್ಲಿದ್ದ ಹುಡುಗಿಗೆ “ಲೇ, ಟೀಗಿಡೇ” ಎಂದಳು. ಅವರಿಗೆ, “ಕುಂತ್ಕೋ, ಯಾಕ್ ನಿಂತ್ಕಂಡಿದ್ದೀಯ” ಎಂದಳು.

“ಗೊತ್ತಿಲ್ಲ ಕಣವ್ವ,” ಎಂದರು ಅವರು. “ಅಲ್ಲ ಅನ್ಸ್ತದೆ. ನಮ್ದು ಬೇರೆ ಇರ್ಬೇಕು” ಎಂದರು. ಟೀ ಆರುವ ಮಾತೆಲ್ಲಿ, ಅದು ಒಲೆಯ ಮೇಲೆ ಕೂರುವ ಮೊದಲೇ ಹೊರಟು ನಿಂತುಬಿಟ್ಟರು. ಮುದುಕಿ ಬಿಡಲಿಲ್ಲ. ಯಾರ ಪೈಕಿಯಾದರೇನು, ಬರಿಗೈಯಲ್ಲಿ ಹೋಗಬೇಡ ಎಂದು ಒಂದು ಉಂಡೆ ಹುಣಸೆಹಣ್ಣನ್ನು ಕಾಗದದಲ್ಲಿ ಸುತ್ತಿ ಅವರ ಕೈಗೆ ತುರುಕಿದಳು. ನಾನು ಹಿಂದೆ ಉಳಿದು ಅವಳ ಜೊತೆ ಎರಡು ಮಾತಾಡಿದೆ. ಅವಳ ಅಳಿಯ ಹೊಸೂರಿನ ಲಾರಿ ಕಾರ್ಖಾನೆಯಲ್ಲಿದ್ದಾನೆಂದಳು. ಅವನ ನಂಬರು ಇಸಿದುಕೊಂಡೆ.

ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. “ಎಂಥ ಮನುಷ್ಯರು ಸಾರ್ ನೀವು! ದಾರೀಲಿ ಹೋಗೋರಿಗೆಲ್ಲ ಹೂಂ ಅಂತೀರಿ. ಇಲ್ಲಿ, ಬೇಕಾದ ಕಡೆ, ಬಾಯಿಗೆ ಬಂದ ತುತ್ತನ್ನ ಉಗುಳಿ ಬಂದ್ರಲ್ಲ!”

ಅವರು ಹುಣಸೆಹಣ್ಣಿನ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. “ಅವ್ರೆಲ್ಲ ಟೀ ಕುಡ್ದು ಹೋಗೋರು ಮೇಡಂ. ಈ ಯಮ್ಮ ನಂಬ್ಬುಡ್ತಿದ್ಲು. ಅವ್ರಜ್ಜಿ ಸಾಯೋಗಂಟ ಕಾದವ್ಳೆ ಅಂತಾಳೆ. ನಾನು ಅವ್ನ್ ಪೈಕಿ ಅಲ್ದೆ ಇದ್ರೆ? ಇನ್ಯಾರೋ ಮಾದನ್ ಪೈಕಿ ಆಗಿದ್ರೆ?” ಬಹಳ ದೂರ ಹೋದ ಮೇಲೆ, ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು: “ಎಲ್ರಿಗೂ ಹೂಂ ಅಂದು ಅಂದು, ನನ್ ಹೂಂ ಮೇಲೆ ನಂಗೇ ನಂಬ್ಕೆ ಇಲ್ಲ ಮೇಡಂ.”

ಅವರು ಅಳುತ್ತಿದ್ದರು. ಆ ಹೆಸರಿನ ಒಬ್ಬರು ಕಾಡಿನ ಪ್ರತಿ ಹುಳುವಿಗೂ ಇಂಥ ಕುಟುಂಬವೆಂದು ಹುಡುಕಿಕೊಟ್ಟಿದ್ದರು. ಇನ್ನೊಬ್ಬರು ಭಾಷೆಭಾಷೆಗೂ ನೆಂಟಸ್ತಿಕೆ ತೋರಿಸಿಕೊಟ್ಟಿದ್ದರು. ಅದೇ ಹೆಸರು ಹೊತ್ತ ಈ ಮನುಷ್ಯ ನನ್ನ ಪಕ್ಕದಲ್ಲಿ ಕೂತಿದ್ದರು, ಅವರು ಯಾರ ಪೈಕಿ ಎಂದು ಹೇಳುವ ಪುಸ್ತಕ ಯಾವುದೂ ಇರಲಿಲ್ಲ.

ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ಹ್ಯಾಟು ಟೈ ವಾಪಸು ಬಂದವು. ಸಂಜೆಯಾದರೆ ಇನ್ನೊಂದು ಕುರ್ಚಿಯ ಧೂಳು ಒರೆಸಿ ಇಡುವುದು ಮಾತ್ರ ತಪ್ಪಲಿಲ್ಲ. ಒಮ್ಮೆ ಚೆನ್ನೈ ಕಡೆಯ ಒಬ್ಬ ಭಾಷಾಪ್ರೊಫೆಸರರು ಗೇಟಿನ ಹೆಸರು ನೋಡಿ ಬಂದರು. ಈ ಸಲ ದೊರೆ ಏನು ಹೇಳುತ್ತಾರೋ ಎಂದು ನಾನು ಕಿಟಕಿಯಲ್ಲಿ ಕಿವಿಗೊಟ್ಟು ನಿಂತೆ. ಮೊದಲಿನಂತೆಯೇ ಹೂಂ ಎಂದರು. ಹುಣಸೆಹಣ್ಣಿನ ಸಾರಿನ ಕಥೆಯನ್ನೂ ಹೇಳಿದರು. ನನಗೆ ಸಮಾಧಾನವೇ ಆಯಿತು.

ಈ ಸಲದ ಚಳಿಯಲ್ಲಿ ಒಂದು ಬೆಳಗ್ಗೆ ಶಿಫ್ಟಿನ ಬಸ್ಸು ಮೂಲೆಯಲ್ಲಿ ನಿಂತು ಹಾರ್ನು ಹೊಡೆಯತೊಡಗಿತು. ಹತ್ತುವವರೆಲ್ಲ ಹತ್ತಿದ್ದರು, ಆದರೂ ಡ್ರೈವರು ಬಸ್ಸು ಬಿಡಲಿಲ್ಲ. “ದೊರೆ ಬರ್ಲಿಲ್ವಲ್ಲ?” ಎಂದು ಅವನು ಕೇಳಿದ್ದು ನನ್ನ ಬಾಗಿಲಿಗೆ ಕೇಳಿಸಿತು. ನಾನು ನೀರಿನ ಬಕೆಟ್ಟು ಬಿಟ್ಟು ಓಡಿದೆ. ಬಾಗಿಲ ಚಿಲಕ ಹಾಕಿರಲಿಲ್ಲ. ಮಂಚದ ಮೇಲೆ, ಟೈ ಕಟ್ಟಿಕೊಳ್ಳುವ ಮೊದಲೇ, ಹೋಗಿಬಿಟ್ಟಿದ್ದರು.

ನಾನು ಮೂರು ಕಡೆ ಫೋನು ಮಾಡಿದೆ. ಮೊದಲೆರಡರ ನಂಬರು ದೊರೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿತ್ತು. ಹಕ್ಕಿಯವರು ಛೇ ಎಂದು ನೊಂದುಕೊಂಡು, ಆ ಮಹಾನುಭಾವರಿಗೆ ಸೇರಿದ ಹಳೆಯ ಚಿತ್ರಗಳೇನಾದರೂ ಮನೆಯಲ್ಲಿ ಇವೆಯೇ ಎಂದು ಕೇಳಿದರು. ಪ್ರೊಫೆಸರರು, ಒಂದು ದೊಡ್ಡ ವಂಶ ಮುಗಿಯಿತು, ಇದರ ಬಗ್ಗೆ ಬರೆಯುತ್ತೇನೆ ಎಂದರು. ಮಣ್ಣಿಗೆ ಬರುತ್ತೇನೆಂದು ಇಬ್ಬರೂ ಹೇಳಲಿಲ್ಲ. ಮೂರನೆಯದಾಗಿ ಲಾರಿ ಕಾರ್ಖಾನೆಯ ಅಳಿಯನಿಗೆ ಮಾಡಿದೆ. ಏನೆಂದು ಹೇಳುವುದು? “ಆವತ್ತು ನಿಮ್ಮತ್ತೆ ಒಬ್ಬರಿಗೆ ಹುಣಸೆಹಣ್ಣು ಕೊಟ್ಟು ಕಳಿಸಿದರಲ್ಲಪ್ಪಾ, ಅವರು ಹೋಗಿಬಿಟ್ಟರು, ನಾಳೆ ಬೆಳಗ್ಗೆ ಮತ್ತಿಗಿರಿಯಲ್ಲಿ ಮಣ್ಣು ಅಂತ ಅತ್ತೆಗೆ ತಿಳಿಸಿಬಿಡು” ಎಂದೆ. ಅವನು ಹೂಂ ಎಂದು ಇಟ್ಟ.

ನಮ್ಮ ಮನೆತನದಲ್ಲಿ ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯಿಲ್ಲ. ನಾನು ಹೋದೆ. ಬೀದಿಯವರು, ಕಾರ್ಖಾನೆಯ ಹಳೆಯ ಜೊತೆಗಾರರು ಬಂದಿದ್ದರು. ಪ್ರಾರ್ಥನೆ ಮುಗಿಸಿ, ಪೆಟ್ಟಿಗೆ ಇಳಿಸಿದ ಮೇಲೆ, ಫಾದರ್ ತಲೆಯೆತ್ತಿ “ಸೊಂದಕ್ಕಾರಂಗ ಮುದಲ್ಲ ವಾಂಗ” ಎಂದು ತಮಿಳಿನಲ್ಲಿ ಕರೆದರು. ನೆಂಟರು ಮೊದಲು ಬನ್ನಿ. ಯಾರೂ ಕದಲಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಫಾದರ್ ಇನ್ನೊಮ್ಮೆ ಕರೆದರು. ಆಸ್ಪತ್ರೆಗೆ ನೆಂಟಳಾಗಿ ಹೋದವಳು ಇಲ್ಲಿಗೂ ಹೋಗೋಣವೆಂದು ಒಂದು ಹೆಜ್ಜೆ ಇಟ್ಟೆ. ಆದರೆ ದೊರೆ ಕೇಳಿದ್ದು ನನ್ನನ್ನಲ್ಲ, ‘ನಮ್ಮೋರು ಅಂತ ಒಬ್ರಾದ್ರೂ’ ಎಂದಿದ್ದರು. ಕಾಲು ಅಲ್ಲೇ ನಿಂತಿತು.

ಆಗ ಗೇಟಿನ ಹತ್ತಿರ ಬೈಕು ನಿಂತ ಸದ್ದಾಯಿತು. “ತಡೀರಿ, ತಡೀರೋ!” ಎಂಬ ಕೂಗು. ಅಳಿಯನ ಬೈಕಿನ ಹಿಂದೆ ಕೂತು ಅಷ್ಟು ದೂರದಿಂದ ಬಂದ ಮುದುಕಿ, ಸೊಂಟ ಹಿಡಿದುಕೊಂಡು, ಸೀರೆ ಎತ್ತಿ ಕಟ್ಟಿ, ಸಮಾಧಿಗಳ ನಡುವೆ ಬರುತ್ತಿದ್ದಳು.

“ನೀಂಗ ಯಾರಮ್ಮಾ?” ಎಂದರು ಫಾದರ್. “ಎನ್ನ ಸೊಂದಂ?” ಏನಾಗಬೇಕು ಅವರು ನಿಮಗೆ?

“ನಮ್ಮ ಪೈಕಿ ಕಣಪ್ಪಾ,” ಎಂದಳು ಮುದುಕಿ, ಒಂದು ಗಳಿಗೆಯೂ ತಡವರಿಸದೆ. “ನಮ್ ತಾತನ್ ತಮ್ಮನ್ ಮೊಮ್ಮಗ.”

ಎಲ್ಲರೂ ದಾರಿ ಬಿಟ್ಟರು. ಅವಳು ಮೊದಲ ಹಿಡಿ ಮಣ್ಣು ಹಾಕಿದಳು. “ಮನೇಗಂಟ ಬಂದೋನು ಕುಂತ್ಕಳ್ದೆ ಹೋಗ್ಬುಟ್ಯಲ್ಲೋ ಮಗನೇ” ಎಂದು ರಾಗ ತೆಗೆದು ಅತ್ತಳು. ಅವರಿಗಾಗಿ ಒಬ್ಬರು ಹಾಗೆ ಬಾಯಿಬಿಟ್ಟು ಅಳುವುದನ್ನು ಕೇಳಲು ಅವರೇ ಇರಲಿಲ್ಲವಲ್ಲ ಎಂದು ನನಗೂ ಅಳು ತಡೆಯಲಾಗಲಿಲ್ಲ.

ಎಲ್ಲ ಮುಗಿದ ಮೇಲೆ ಅವಳನ್ನು ದೊರೆಯ ಮನೆಗೆ ಕರೆದುಕೊಂಡು ಬಂದೆ. ಅಳಿಯ ಶಿಫ್ಟಿಗೆ ಹೋಗಬೇಕಿತ್ತು, ಸಂಜೆ ಬಂದು ಕರೆದುಕೊಂಡು ಹೋಗುತ್ತೇನೆಂದು ಹೊರಟ. ಮುದುಕಿ ವರಾಂಡದಲ್ಲಿ ಆ ಇನ್ನೊಂದು ಕುರ್ಚಿಯಲ್ಲಿ ಕೂತಳು. ಗೇಟಿನ ಕಲ್ಲಿನ ಮೇಲಿದ್ದ ಹೆಸರನ್ನು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಅವರ ಅಡಿಗೆಮನೆಯಲ್ಲಿ ಶುಂಠಿ ಹುಡುಕಿ ಟೀ ಮಾಡಿಕೊಂಡು ಬಂದೆ. ಗೂಡಿನಲ್ಲಿ ಆ ಹುಣಸೆಹಣ್ಣಿನ ಪೊಟ್ಟಣ ಹಾಗೇ ಇತ್ತು, ಅದೇ ಕಾಗದದಲ್ಲಿ.

“ಅಜ್ಜಿ,” ಎಂದೆ. “ನಿಜವಾಗ್ಲೂ ನಿಮ್ಮ ಪೈಕಿಯೇನಾ ಅವರು?”

“ನಂಗೇನ್ ಗೊತ್ತು ತಾಯಿ,” ಎಂದಳು ಅವಳು. “ಮಣ್ ಹಾಕೋರಿಲ್ದೆ ಯಾರ್ನಾದ್ರೂ ಕಳ್ಸಕ್ಕಾಗ್ತದಾ? ಹೂಂ ಅಂದ್ರೆ ನನ್ ಗಂಟೇನ್ ಹೋಯ್ತದೆ?”

ಟೀ ಅವಳಿಗೆ ಸೇರಲಿಲ್ಲವೋ ಏನೋ, ಒಂದು ಗುಟುಕು ಕುಡಿದು ಕೆಳಗಿಟ್ಟಳು. ದೊರೆ ಚಿಕ್ಕವನಿದ್ದಾಗ ಹೇಗಿದ್ದ, ಏನು ತಿನ್ನುತ್ತಿದ್ದ, ಮದುವೆ ಯಾಕಾಗಲಿಲ್ಲ ಎಂದು ಒಂದೊಂದೇ ಕೇಳುತ್ತ ಹೋದಳು. ಗೊತ್ತಿದ್ದಷ್ಟು ಹೇಳಿದೆ. ಕಪ್ಪಿನ ಮೇಲೆ ಕೆನೆ ಕಟ್ಟಿತು. ಟೀ ಆರಿ ತಣ್ಣಗಾಯಿತು. ಅಜ್ಜಿ ಏಳಲಿಲ್ಲ.